ಅನುಕೂಲದ ಒಂದು ರೂಪಾಯಿ

ಬೆಂಗಳೂರಿನ ನಾಟಕವೊಂದಕ್ಕೆ ಇಂಟರ್‌ನೆಟ್ಟಿನಲ್ಲಿ ಟಿಕೆಟ್ ಕೊಂಡೆ. ಶೆಟ್ಟಿಹಳ್ಳಿಯ ಸೈಬರ್ ಸೆಂಟರಿನಲ್ಲಿ ಮುಕ್ಕಾಲು ಗಂಟೆ ಕಾದು, ಎರಡು ಸಲ ಕರೆಂಟು ಹೋಗಿ ಬಂದು, ಕೊನೆಗೆ ಕೈಸೇರಿದ ಹಾಳೆಯಲ್ಲಿ ಟಿಕೆಟ್ಟಿನ ಬೆಲೆಯ ಕೆಳಗೆ ಅನುಕೂಲ ಶುಲ್ಕ, ಅದರ ಕೆಳಗೆ ಆ ಅನುಕೂಲದ ಮೇಲಿನ ತೆರಿಗೆ. ನನಗಾದ ಅನುಕೂಲ ಯಾವುದೆಂದು ನನಗೇ ತಿಳಿಯದಿದ್ದರೂ ಸರ್ಕಾರಕ್ಕಾದರೂ ತಿಳಿಯಿತಲ್ಲ ಎಂದು ಧನ್ಯಳಾದೆ.

ತೊಂಬತ್ತರ ದಶಕದಲ್ಲಿ ಇಂಥ ಅನುಕೂಲವನ್ನು ಕುಣಿಗಲ್ಲಿನ ಬೇಕರಿ ರುದ್ರಣ್ಣನೇ ಒದಗಿಸುತ್ತಿದ್ದ, ನೋಡಿ. ಗುಬ್ಬಿಯಲ್ಲಿ ನಮ್ಮ ಹವ್ಯಾಸಿ ತಂಡದ ನಾಟಕ. ಟಿಕೆಟ್ಟಿನ ಉಸ್ತುವಾರಿ ನನ್ನದು. ನಟನೆ ಬಾರದವರಿಗೆ ರಂಗಭೂಮಿ ದಯಪಾಲಿಸುವ ಪದವಿ ಅದು. ಹತ್ತು ರೂಪಾಯಿಯ ಟಿಕೆಟ್ಟುಗಳಿಗೆ ಮನರಂಜನಾ ತೆರಿಗೆ ಕಟ್ಟಿ, ಸೀಲು ಹಾಕಿಸಿ, ಒಂದು ಟಿಕೆಟ್ ಪುಸ್ತಕವನ್ನು ರುದ್ರಣ್ಣನ ಅಂಗಡಿಯಲ್ಲಿ ಮಾರಲು ಇಟ್ಟಿದ್ದೆ. ಹದಿನೈದು ವರ್ಷ ಪರದೆಯ ಮರೆಯಲ್ಲಿ ನಿಂತು ಪರರಿಗೆ ಮಾತು ಎತ್ತಿಕೊಟ್ಟಿದ್ದ ಜಯಮ್ಮ ಅಂದು ಮೊದಲ ಬಾರಿ ಬಣ್ಣ ಹಚ್ಚಿದ್ದಳು.

ಬಾಗಿಲಲ್ಲಿ ತೆರಿಗೆ ಇನ್ಸ್‌ಪೆಕ್ಟರು ಕುಣಿಗಲ್ಲಿನ ಟಿಕೆಟ್ಟೊಂದನ್ನು ಬೆಳಕಿಗೆ ಹಿಡಿದರು. ಸರ್ಕಾರದ ಸೀಲಿನ ಪಕ್ಕದಲ್ಲೇ ಬೇಕರಿಯ ಸೀಲು. ಹತ್ತನ್ನು ಹೊಡೆದುಹಾಕಿ ಪೆನ್ನಿನಲ್ಲಿ ಹನ್ನೊಂದು.

“ಏನಮ್ಮಾ, ಹತ್ತಕ್ಕೆ ಟ್ಯಾಕ್ಸ್ ಕಟ್ಟಿ ಹನ್ನೊಂದಕ್ಕೆ ಮಾರಿದೀರಾ? ಮಾರಿದ್ದು ನೀವಾ, ಬೇಕರಿಯವ್ನಾ? ಇದು ತೀರ್ಮಾನ ಆಗೋವರ್ಗೂ ಪರದೆ ಏಳಂಗಿಲ್ಲ.”

ವೇದಾಂತಿಗಳೂ ಬೆವರುವ ಪ್ರಶ್ನೆ. ಒಳಗೆ ಓಡಿದರೆ ಜಯಮ್ಮ ನನ್ನ ಕೈ ಹಿಡಿದಳು: “ಇವತ್ತು ತಪ್ಪಿದ್ರೆ ನಂಗಿನ್ಯಾರೂ ಪಾರ್ಟು ಕೊಡಲ್ಲ ಕಣೇ.” ಅತ್ತರೆ ಬಣ್ಣ ಇಳಿದೀತೆಂದು ಅಳಲೂ ಇಲ್ಲ.

ಅಷ್ಟರಲ್ಲಿ ನಾಟಕ ನೋಡಲು ಬಂದಿದ್ದ ರುದ್ರಣ್ಣನೇ ಮುಂದೆ ಬಂದ. “ಸಾಮಿ, ಆ ಒಂದ್ರುಪಾಯಿ ಟಿಕೆಟ್ಟಿಗಲ್ಲ, ಬನ್ನಿಗೆ. ಹಸ್ಕೊಂಡ್ ಹೋಗ್ತಾರಲ್ಲಾ ಅಂತ ಒಂದೊಂದು ಕೊಟ್ಟಿವ್ನಿ.”

“ಸಾಕ್ಷಿ?”

ರುದ್ರಣ್ಣ ಸಭಿಕರತ್ತ ತಿರುಗಿದ. “ಕುಣಿಗಲ್‌ನೋರೇ, ಬನ್ನು ತೋರ್ಸ್ರಪ್ಪಾ!”

ಅರ್ಧ ಕಚ್ಚಿದ್ದು, ಕರವಸ್ತ್ರದಲ್ಲಿ ಸುತ್ತಿದ್ದು, ಮೊಮ್ಮಗಳಿಗೆಂದು ಸೆರಗಿನಲ್ಲಿ ಕಟ್ಟಿದ್ದು, ಎಲ್ಲ ಬನ್ನುಗಳೂ ಮೇಲೆದ್ದವು. ಇನ್ಸ್‌ಪೆಕ್ಟರು ಒಂದನ್ನು ಒತ್ತಿ ನೋಡಿ, “ಬನ್ನು ಮಾರಾಟ ತೆರಿಗೆಗೆ ಸೇರುತ್ತೆ. ನನ್ನ ಸೆಕ್ಷನ್ ಅಲ್ಲ,” ಎಂದು ಪರಮಶಾಂತಿಯಿಂದ ಮುಂದಿನ ಸಾಲಿನಲ್ಲಿ ಕುಳಿತರು. ಪರದೆ ಎದ್ದಿತು. ಜಯಮ್ಮ ತನ್ನ ಮಾತಿನ ಜೊತೆಗೆ ಅಭ್ಯಾಸಬಲದಿಂದ ಎದುರಿನವರ ಮಾತನ್ನೂ ತಾನೇ ಹೇಳಿ, ಭರ್ಜರಿ ಚಪ್ಪಾಳೆ ಗಿಟ್ಟಿಸಿದಳು.

ಸೈಬರಿನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅನುಕೂಲವಿದೆ, ಅದರ ತೆರಿಗೆಯಿದೆ; ಮಾರಿದವರು ಯಾರೆಂದು ಬಾಗಿಲಲ್ಲಿ ಕೇಳುವವರಿಲ್ಲ. ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಬನ್ನು ಮಾತ್ರ ನಾನೇ ಕೊಂಡುಕೊಂಡೆ.