ಅಂಧೇರಿ ಬಂಗಲೆಯ ಉಡಿ

ಅಪ್ಪ ಎದೆಯ ಕಾಯಿಲೆಯಿಂದ ಆರು ತಿಂಗಳು ಹಾಸಿಗೆ ಹಿಡಿದು ಎದ್ದ ವರ್ಷ ನನಗೆ ಹನ್ನೆರಡು. ಅವರು ಟೈಪಿಸ್ಟ್ ಆಗಿದ್ದ ಕಂಪನಿಯ ಮಾಲೀಕರು ಪಾರಸಿಗಳು. ಆ ಮನೆಯ ಹಿರಿಯ ಯಜಮಾನಿ, ಎಲ್ಲರೂ 'ಬಾಯಿ' ಎಂದು ಕರೆಯುತ್ತಿದ್ದವರು, ಅಪ್ಪನ ಕೆಲಸ ಉಳಿಸಿದ್ದಲ್ಲದೆ ದೊಡ್ಡ ಡಾಕ್ಟರರನ್ನೂ ಕಳಿಸಿಕೊಟ್ಟಿದ್ದರು. ಆಕೆಯಿಂದಲೇ ಅಪ್ಪ ಉಳಿದರೆಂದು ಅವ್ವ ನಂಬಿದ್ದಳು. ಆದರೂ ಅಪ್ಪ ಒಮ್ಮೆ ಕೆಮ್ಮಿದರೆ ಸಾಕು, ಅವ್ವನ ಕೈ ತಾಳಿಗೆ ಹೋಗುತ್ತಿತ್ತು.

ಬಾಯಿ ಇದ್ದದ್ದು ಅಂಧೇರಿಯ ಹಳೆಯ ತೋಟದ ಬಂಗಲೆಯಲ್ಲಿ. ಒಂದು ಭಾನುವಾರ ಅಪ್ಪನನ್ನು ಮಲಗಿಸಿ, ಅವ್ವ, ಅಜ್ಜಿ ಮತ್ತು ನಾನು ಆಕೆಯನ್ನು ಕಂಡುಬರಲು ಹೊರಟೆವು. ಅಜ್ಜಿ ಅಪ್ಪನ ತಾಯಿ. ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡು, ಅಂದಿನಿಂದ ವಿಧವೆಯ ಕೆಂಪು ಸೀರೆಯಲ್ಲೇ ಇದ್ದವಳು. ಮುಲುಂಡಿನಿಂದ ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಬೇಕು. ಅಲ್ಲಿನ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಅಜ್ಜಿ ಮುಂಬಯಿ ಕಟ್ಟಿದವರಿಗೆಲ್ಲ ಶಾಪ ಹಾಕಿ ಮುಗಿಸಿದ್ದಳು.

ಧಾರವಾಡದ ಕಡೆಯವರು ಬರಿಗೈಲಿ ಹೋಗುವವರಲ್ಲ. ಬಾಯಿಯ ಉಡಿ ತುಂಬಲೆಂದು ಅವ್ವನ ಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಇದ್ದವು. ಮುತ್ತೈದೆಯ ಸೆರಗಿಗೆ ಇವನ್ನು ಹಾಕಿ, ಆಕೆಯ ಗಂಡ ನೂರು ವರ್ಷ ಬಾಳಲಿ ಎಂದು ಹಾರೈಸುವುದು ನಮ್ಮ ಪದ್ಧತಿ. ವಿಧವೆಯ ಉಡಿ ತುಂಬುವುದಿಲ್ಲ. ವಿಧವೆಯ ಕೈಯಿಂದ ತುಂಬಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ.

ಗೇಟಿನಿಂದ ಮೆಟ್ಟಿಲ ತನಕದ ಜಾಗದಲ್ಲಿ ನಾವಿದ್ದಂಥ ಎರಡು ಚಾಳು ಕಟ್ಟಬಹುದಿತ್ತು. ಎರಡೂ ಕಡೆ ಚಿಕ್ಕು ಮರ, ಗುಲಾಬಿ ಪಾತಿ, ನಡುವೆ ನೀರು ನಿಂತುಹೋದ ಕಾರಂಜಿ. ಚೀನಾಕ್ಕೆ ಹಡಗು ಕಳಿಸುತ್ತಿದ್ದ ಯಾರೋ ಮುತ್ತಜ್ಜ ಕಟ್ಟಿಸಿದ ಮನೆಯಂತೆ. ವರಾಂಡದಲ್ಲಿ ಎದೆಯೆತ್ತರದ ನೀಲಿ ಹೂದಾನಿಗಳಿದ್ದವು.

ಅಜ್ಜಿ ಒಂದರೊಳಗೆ ಇಣುಕಿ, "ಇದರಾಗ ಎಷ್ಟ ಜ್ವಾಳ ಹಿಡೀತದ?" ಎಂದಳು.

ಎಪ್ಪತ್ತರ ಹತ್ತಿರದ ಬಾಯಿ ಗುಲಾಬಿ ಬಣ್ಣದ ರೇಷ್ಮೆ ಸೀರೆ ಉಟ್ಟು, ಎರಡೂ ಕೈಗೆ ಚಿನ್ನದ ಬಳೆ ತೊಟ್ಟು ಬಂದರು. ಹಣೆ ಬರಿದಾಗಿತ್ತು. ಪಾರಸಿಗಳಲ್ಲಿ ಹಾಗೇ ಇರಬೇಕೆಂದುಕೊಂಡು ಅವ್ವ ಹಿಂದುಮುಂದು ನೋಡದೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಆಕೆಗೆ ಹಿಡಿಸಲಾರದಷ್ಟು ಸಂತೋಷ. ಇದು ಏನು, ಏಕೆ ಎಂದು ನನ್ನಿಂದ ಕೇಳಿ ತಿಳಿದುಕೊಂಡರು. ನನಗಿದ್ದ ಅರೆಬರೆ ಹಿಂದಿಯಲ್ಲಿ 'ಒಳ್ಳೆಯದಾಗಲಿ ಅಂತ' ಎಂದಷ್ಟೇ ಹೇಳಿದೆ.

ಆಮೇಲೆ ಮನೆ ತೋರಿಸಿದರು. ತೇಗದ ಮೆಟ್ಟಿಲು ಹತ್ತಿದರೆ ದೊಡ್ಡ ಹಜಾರ. ಅಲ್ಲಿ ಗೋಡೆಯ ಮೇಲೆ ಆಳೆತ್ತರದ ಚಿತ್ರ, ಅದಕ್ಕೆ ಹೂವಿನ ಹಾರ, ಕೆಳಗೆ ಉರಿಯುವ ದೀಪ.

"ಹಮಾರಾ ಸೇಠ್. ನೌ ಬರಸ್ ಹುವಾ," ಎಂದು ಬಾಯಿ ಕೈಮುಗಿದರು. ಆಕೆಯ ಗಂಡ ಸೇಠರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಅವ್ವನ ಮುಖ ಬಿಳಿಚಿಕೊಂಡಿತು. ಮುಂದೆ ಕಂಡ ಪಿಯಾನೊ, ಕನ್ನಡಿ, ಅಮೃತಶಿಲೆಯ ಸ್ನಾನದ ಮನೆ ಯಾವುದೂ ಅವಳ ತಲೆಗೆ ಹೋಗಲಿಲ್ಲ. ನನಗೋ ಆ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತುಬಿಡುವ ಆಸೆಯಾಗಿತ್ತು.

ತೋಟಕ್ಕೆ ಇಳಿದಾಗ ಬಾಯಿ ಮಾಲಿಯಿಂದ ಚಿಕ್ಕು ಕೀಳಿಸಿದರು. ಗುಲಾಬಿಯನ್ನು ತಾವೇ ಕತ್ತರಿಸಿದರು. ಅಡಿಗೆಮನೆಯಿಂದ ಅಕ್ಕಿ, ತೆಂಗಿನಕಾಯಿ ತರಿಸಿ, ಎಲ್ಲವನ್ನೂ ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ಅವ್ವನ ಎದುರು ನಿಂತು, ಈಗ ನನ್ನ ಸರದಿ ಎಂದು ಹಿಂದಿಯಲ್ಲಿ ಹೇಳಿ ನಕ್ಕರು.

ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ಅತ್ತ್ಯಾರ, ಹ್ಯಾಂಗ ತಗೊಳ್ಳಲಿ? ಅವರು ಈಗಷ್ಟ ಎದ್ದಾರ," ಎಂದಳು. ಬಾಯಿಯ ನಗು ಸಣ್ಣದಾಗುತ್ತಿದ್ದುದು ನನಗೆ ಕಾಣುತ್ತಿತ್ತು. ನಾಚಿಕೆಯಿಂದ ನಾನು ನೆಲ ನೋಡಿದೆ.

"ಆರು ತಿಂಗಳು ನನ್ನ ಮಗಗ ಗಂಜಿ ಕುಡಿಸಿದ ಕೈ ಯಾರದು?" ಎಂದಳು ಅಜ್ಜಿ. "ನಂದು. ಈ ಕೈಯಾಗ ಮುತ್ತೈದಿ ಬಳಿ ಇದ್ದವೇನು? ಆವಾಗ ಅಂಜಲಿಲ್ಲ, ಈಗ್ಯಾಕ ಅಂಜತೀ? ಸೆರಗ ಒಡ್ಡು."

ಅವ್ವ ಅಳುತ್ತಲೇ ಸೆರಗು ಒಡ್ಡಿದಳು. ಬಾಯಿ ಅವ್ವನನ್ನು ನೋಡಿಯೇ ಕಲಿತಿದ್ದರು. ಮೊದಲು ಅಕ್ಕಿ, ಆಮೇಲೆ ಕಾಯಿ, ಚಿಕ್ಕು, ಕೊನೆಗೆ ಹೂವು. ಅಪ್ಪ ಅದಾದ ಮೇಲೆ ಮೂವತ್ತೊಂದು ವರ್ಷ ಬದುಕಿದರು. ಅವ್ವ ಅದರ ಕೀರ್ತಿಯನ್ನು ಡಾಕ್ಟರರಿಗೆ ಪೂರ್ತಿ ಬಿಟ್ಟುಕೊಡಲಿಲ್ಲ.

ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಬಾಯಿ ಸಹಜವಾಗಿ ಅಜ್ಜಿಯ ಕಡೆ ತಿರುಗಿ ಅಕ್ಕಿಗೆ ಕೈಹಾಕಿದರು. ಅಲ್ಲಿಯವರೆಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದ ಅಜ್ಜಿ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನಗ ನಡಿಯೂದಿಲ್ಲವ್ವಾ," ಎಂದಳು.

ಏನಂದರು ಎಂದು ಬಾಯಿ ನನ್ನನ್ನು ಕೇಳಿದರು. ಅವ್ವ ಏನಾದರೂ ಹೇಳಲಿ ಎಂದು ಕಾದೆ. ಅವಳು ತನ್ನ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅಜ್ಜಿಗೆ ಚಿಕ್ಕು ಸೇರುವುದಿಲ್ಲ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಬಾಯಿ ನಂಬಿ, ತಟ್ಟೆಯನ್ನು ಮಾಲಿಯ ಕೈಗೆ ಕೊಟ್ಟುಬಿಟ್ಟರು.