ಮರದಲ್ಲಿ ಕೆತ್ತಿದ ಬಂಗುಡೆ

ಜಪಾನಿನವರು ಮರದ ಅಚ್ಚಿನಲ್ಲಿ ಮೀನು ಮೂಡಿಸುವ ರೀತಿಗೆ ನಾನು ಮರುಳಾಗಿ ಇಪ್ಪತ್ತು ವರ್ಷವಾಯಿತು. ಮೀನಿನ ರೇಖೆಗಳನ್ನಷ್ಟೇ ಉಳಿಸಿ ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಬೆನ್ನಿನ ಕಡುನೀಲಿ ಹೊಟ್ಟೆಯತ್ತ ಬರುತ್ತಾ ತೆಳುವಾಗಬೇಕಾದರೆ ಹಲಗೆಯ ಒಂದು ಬದಿ ಒದ್ದೆ ಮಾಡಿಕೊಂಡು ಬಣ್ಣದ ಕುಂಚ ಆಡಿಸಬೇಕು. ಹೊಟ್ಟೆಯ ಮಿಂಚಿಗೆ ಅಭ್ರಕದ ಪುಡಿ. ಇಷ್ಟೆಲ್ಲ ಕಲಿತು ಐದು ಹಲಗೆಗಳಲ್ಲಿ ನಮ್ಮ ಬಂಗುಡೆಯನ್ನು ಅಚ್ಚು ಹಾಕಿದಾಗ, ಸುಳ್ಳೇಕೆ ಹೇಳಲಿ, ನನಗೆ ಕೋಡು ಮೂಡಿತ್ತು. ಕದ್ರಿಯಲ್ಲಿ ನನ್ನ ಮೊದಲ ಪ್ರದರ್ಶನಕ್ಕೆ ಒಂದೇ ವಾರ ಬಾಕಿ.

ಅಮ್ಮ ಮೂವತ್ತು ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಯಾರು ಹೊಗಳಿದರೂ ಬಿಟ್ಟರೂ ಅವಳೊಬ್ಬಳು ಹೂಂ ಅಂದರೆ ನನಗೆ ಸಾಕಿತ್ತು. ಚಿತ್ರವನ್ನು ಅವಳ ಕೈಗೆ ಕೊಟ್ಟೆ.

“ಎಂತ ಮಾರಾಯ್ತಿ ಇದು? ಹಾಳಾದ ಮೀನು!”

“ಅಮ್ಮಾ, ಇದು ಚಿತ್ರ. ಸಾರು ಮಾಡ್ಲಿಕ್ಕಲ್ಲ!”

“ಚಿತ್ರ ಆದ್ರೆ ಎಂತ? ಕಣ್ಣು ಗುಳಿ ಬಿದ್ದುಂಟು. ಬೆನ್ನಲ್ಲಿ ಹಸಿರೇ ಇಲ್ಲ. ಇಂಥದ್ದನ್ನು ನಾನು ಮಾರ್ಲಿಕ್ಕೆ ತಕೊಂಡು ಹೋಗುದೇ ಇಲ್ಲ.”

ನನಗೆ ಪಿತ್ತ ನೆತ್ತಿಗೇರಿತು. ಜಪಾನಿನ ಕಲೆ ಇವಳಿಗೇನು ಗೊತ್ತು ಎಂದು ಗೊಣಗಿಕೊಂಡೆ. ಆದರೆ ತಪ್ಪು ನನ್ನದೇ. ನೋಡಿ ಬರೆಯಲೆಂದು ತಂದ ಬಂಗುಡೆಯನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು, ಬಿಡುವಾದಾಗಲೆಲ್ಲ ಹೊರತೆಗೆದು ಬರೆದಿದ್ದೆ. ಮೀನು ಮಾರುವವಳ ಮಗಳು ಮಾಡುವ ಕೆಲಸವೇ ಅದು? ಛೆ!

ಮರುದಿನ ಬೆಳಿಗ್ಗೆ ಅಮ್ಮನೇ ನನ್ನನ್ನು ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಎಳೆದುಕೊಂಡು ಹೋದಳು. ಮಂಡಿನೋವಿದ್ದರೂ ಮೂರು ರಾಶಿ ಬೇಡವೆಂದು ದಾಟಿ, ನಾಲ್ಕನೆಯದರಿಂದ ಒಂದು ಬಂಗುಡೆಯನ್ನು ತಲೆ ಹಿಡಿದು ಅಡ್ಡಲಾಗಿ ಎತ್ತಿದಳು. ಬಾಲ ಬಾಗದೆ ನೆಟ್ಟಗೆ ನಿಂತಿತು; ತಾಜಾ ಮೀನಿನ ಗುರುತು ಅದು.

“ಬೇಗ ಬರಿ. ಬಿಸಿಲು ಬಿದ್ರೆ ಬಣ್ಣ ಹೋಗ್ತದೆ.”

ಕ್ರೇಟಿನ ಮೇಲೆ ಕುಳಿತು ಬರೆದೆ. ಅಷ್ಟು ಹೊತ್ತೂ ಅವಳು ಸೆರಗು ಹರಡಿ ಮೀನಿಗೆ ನೆರಳು ಹಿಡಿದಿದ್ದಳು. ಮನೆಗೆ ಬಂದು ಹಲಗೆಯಲ್ಲಿದ್ದ ಹಳೆಯ ಕಣ್ಣನ್ನು ಉಳಿಯಿಂದ ಕಿತ್ತು, ಆ ತೂತಿಗೆ ಹೊಸ ಮರದ ತುಂಡು ಕೂರಿಸಿ, ಉಬ್ಬಿದ ಕಣ್ಣು ಕೆತ್ತಿದೆ. ಹಸಿರಿಗೆಂದೇ ಆರನೆಯ ಹಲಗೆ ಮಾಡಿದೆ. ಹೊಸ ಅಚ್ಚು ತೋರಿಸಿದರೆ ಅಮ್ಮ ನೋಡಿದಳು, ಅದನ್ನು ನನ್ನ ಕೈಗೆ ಮರಳಿಸಿ ಅಡುಗೆಮನೆಗೆ ಹೋದಳು.

ಪ್ರದರ್ಶನಕ್ಕೆ ಅವಳು ಒಳ್ಳೆಯ ಸೀರೆ ಉಟ್ಟು ಬಂದು, ಬಂಗುಡೆಯ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಳು. ಸಂಜೆ ಒಬ್ಬರು ಅದರ ಬೆಲೆ ಕೇಳಿ ನಕ್ಕರು. “ಒಂದು ಬಂಗುಡೆಗೆ ಇಷ್ಟಾ? ಸ್ವಲ್ಪ ಕಮ್ಮಿ ಮಾಡಿ.”

ನಾನು ಸಂಕೋಚದಿಂದ ಒಪ್ಪಿಕೊಳ್ಳುವವಳಿದ್ದೆ. ಅಷ್ಟರಲ್ಲಿ ಅಮ್ಮ ಎದ್ದು ಸೊಂಟಕ್ಕೆ ಕೈಯಿಟ್ಟು ಅವರ ಎದುರು ನಿಂತಳು.

“ಕಮ್ಮಿ ಆಗುದಿಲ್ಲ. ಕಣ್ಣು ನೋಡಿ, ಬೆನ್ನು ನೋಡಿ. ನನ್ನ ಮಗಳ ಕೈಯ ಮೀನು ಇದು. ಬೇಕಾದ್ರೆ ತಕೊಳ್ಳಿ, ಬೇಡದಿದ್ರೆ ದಾರಿ ಬಿಡಿ, ಹಿಂದೆ ಜನ ನಿಂತಿದ್ದಾರೆ.”

ಹಿಂದೆ ಒಬ್ಬರೂ ಇರಲಿಲ್ಲ. ಅವರು ಕೊಂಡರೋ ಬಿಟ್ಟರೋ ಎಂಬುದರ ಕಡೆ ನನಗೆ ಗಮನವೂ ಇರಲಿಲ್ಲ. ಅಮ್ಮ ನನ್ನ ಮೀನು ಮಾರುತ್ತಿದ್ದಳು.