ಹಿಂದಿನ ಸೀಟಿನಲ್ಲಿ ಮಲಗಿದ ಮೆಕ್ಯಾನಿಕ್

ನನ್ನ ಅಕ್ಕ ದರ್ಜಿ. ಬಸ್ ಕಂಡಕ್ಟರುಗಳ ಅಂಗಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅಳತೆ ನೋಡುವಾಗ ಗಿರಾಕಿಯನ್ನು ಕನ್ನಡಿ ಮುಂದೆ ಸುಮ್ಮನೆ ನಿಲ್ಲಿಸುವವಳಲ್ಲ. ಕೈಯೆತ್ತಿ ಕಂಬಿ ಹಿಡಿ, ಬಗ್ಗು, ಚಿಲ್ಲರೆ ಕೊಡು ಎಂದು ಅಂಗಡಿಯಲ್ಲೇ ಅರ್ಧ ಡ್ಯೂಟಿ ಮಾಡಿಸುತ್ತಾಳೆ. ಪಾತ್ರೆ ವ್ಯಾಪಾರಿಯಾದ ನನಗೆ ಇದೆಲ್ಲ ಹೊತ್ತುಗಳೆಯುವ ಕಸರತ್ತಾಗಿ ಕಾಣುತ್ತಿತ್ತು.

ಭಾವನಿಗೆ ಬೆನ್ನಿನ ಆಪರೇಷನ್ ಆಯಿತು. ಮನೆಗೆ ಮಲಗಿಸಿಕೊಂಡೇ ಹೋಗಬೇಕು, ಗಾಡಿ ಕುಲುಕಿದರೆ ಕಷ್ಟ ಎಂದರು ಡಾಕ್ಟರು. ಆಂಬುಲೆನ್ಸಿನ ಕುಲುಕಾಟವನ್ನು ಬರುವಾಗಲೇ ಅನುಭವಿಸಿದ್ದ ಭಾವ ಮತ್ತೆ ಅದನ್ನು ಹತ್ತಲೊಲ್ಲರು. ಉಳಿದದ್ದು ಅಕ್ಕನ ಹದಿನೆಂಟು ವರ್ಷದ ಹಳೆಯ ಕಾರು. ಅದೋ, ನೆಲದ ಮೇಲಿನ ಗೆರೆ ದಾಟಿದರೂ ಗಡಗಡ ಎನ್ನುವಂಥದ್ದು.

ಗ್ಯಾರೇಜು ನೋಡುವ ಕೆಲಸ ನಾನೇ ವಹಿಸಿಕೊಂಡೆ. ದೊಡ್ಡ ಗ್ಯಾರೇಜಿನವರು ಅಡಿಯಲ್ಲಿರುವುದನ್ನೆಲ್ಲ ಬದಲಿಸಬೇಕೆಂದು ಎರಡು ಪುಟದ ಪಟ್ಟಿ ಕೊಟ್ಟರು. ಜಗ್ಗಾಡಿ ರೇಟಿನಲ್ಲಿ ಮೂರನೇ ಒಂದು ಭಾಗ ಇಳಿಸಿ, ಎದೆಯುಬ್ಬಿಸಿ ನಿಂತೆ. ಅಕ್ಕ ಪಟ್ಟಿಯನ್ನು ಮಡಿಸಿಟ್ಟು ಅಲ್ಲಿನ ಮ್ಯಾನೇಜರಿಗೆ ಹೇಳಿದಳು: "ನೀವು ಸ್ವಲ್ಪ ಹಿಂದಿನ ಸೀಟಲ್ಲಿ ಮಲಗ್ಕೊಳ್ಳಿ. ನಾನು ಒಂದು ಸುತ್ತು ಓಡಿಸ್ತೀನಿ."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅಂಗಿಯ ಇಸ್ತ್ರಿ ಕೆಡುತ್ತದೆ ಎಂಬಂತೆ ಅವನು ಒಳಗೆ ಹೋದವನು ಮತ್ತೆ ಬರಲಿಲ್ಲ.

ಎರಡನೆಯವನು ಮುಂದಿನ ಶಾಕ್ ಅಬ್ಸಾರ್ಬರ್ ಎರಡು ಹಾಕಿದರೆ ಸಾಕು ಎಂದ. ರೇಟು ಕೇಳಿ ನನಗೆ ಬಾಯಲ್ಲಿ ನೀರೂರಿತು. ಅವನು ಮಲಗಿದ್ದೇನೋ ಹೌದು, ಮೊದಲ ಗುಂಡಿಗೇ ಎದ್ದು ಕೂತು ತಲೆ ಸುತ್ತುತ್ತದೆ ಎಂದ.

ಮೂರನೆಯವನದು ತಗಡಿನ ಶೆಡ್ಡು, ನರೆತ ಮೀಸೆ. ಏನು ಎತ್ತ ಎಂದು ಕೇಳದೆ, ಕೈಯೊರೆಸಿಕೊಂಡು ಮಲಗಿದ. ಶೆಡ್ಡಿನ ಹಿಂದಿನ ಹಾಳು ರಸ್ತೆಯಲ್ಲಿ ಅಕ್ಕ ಎರಡು ಸುತ್ತು ಓಡಿಸಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ:

"ಇಲ್ಲಿ ಮಲಗೋರು ಯಾರಮ್ಮ?"

"ನಮ್ಮನೆಯವರು. ಬೆನ್ನು ಆಪರೇಷನ್ ಆಗಿದೆ."

"ಹಾಗಾದ್ರೆ ಮುಂದಿನ ಶಾಕ್ ಮುಟ್ಟೋದು ಬೇಡ, ಅವು ಗಟ್ಟಿಯಾಗಿವೆ. ಹಿಂದಿನ ಎರಡೂ ಬದಲಾಯಿಸ್ಬೇಕು. ಆಕ್ಸಲ್ ಬುಷ್ ಹರಿದಿದೆ, ಬೆನ್ನಿಗೆ ಒದೀತಿರೋದು ಅದೇ."

ಜ್ಯಾಕ್ ಹಾಕಿ ಎತ್ತಿ ತೋರಿಸಿದ. ಹಿಂದಿನ ಶಾಕುಗಳಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿತ್ತು. ಆಕ್ಸಲ್ ಕೂರುವ ಕಡೆಯ ರಬ್ಬರು ಬಾಯ್ಬಿಟ್ಟಿತ್ತು. ಬೆನ್ನಿನಿಂದಲೇ ಕೇಳಿಸಿಕೊಂಡನಲ್ಲ ಮಹರಾಯ ಎಂದು ನಾನು ಬೆರಗಾದೆ. ಅದಕ್ಕಿಂತ ಬೆರಗು ಅಕ್ಕನ ಬಗ್ಗೆ. ಕಾರಿನ ಅಡಿಯಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಮೂರು ಕಡೆಯೂ ನಾನು ನೋಡಿದ್ದು ರೇಟು. ಅವಳು ಹುಡುಕುತ್ತಿದ್ದದ್ದು ಮಲಗುವವರು ಯಾರೆಂದು ಕೇಳುವ ಒಬ್ಬ ಮನುಷ್ಯನನ್ನು. ಈ ಸಲ ನಾನು ಚೌಕಾಸಿಗೆ ಬಾಯಿ ತೆರೆಯಲಿಲ್ಲ. ಇಪ್ಪತ್ತಾರು ವರ್ಷದ ವ್ಯಾಪಾರದಲ್ಲಿ ಅದೇ ಮೊದಲು.

ಭಾವನನ್ನು ಕರೆತಂದ ದಿನ ನಾನು ಮುಂದೆ ಕೂತಿದ್ದೆ. ಮನೆಯ ದಾರಿಯ ರೈಲ್ವೆ ಗೇಟಿನಲ್ಲಿ ಎಂಥ ಗಾಡಿಯೂ ಎಗರುತ್ತದೆ. ಅಕ್ಕ ನಿಧಾನಕ್ಕೆ ಹಳಿ ದಾಟಿಸಿದಳು. ಹಿಂದಿನಿಂದ ನರಳಿಕೆ ಬರುತ್ತದೆಂದು ನಾನು ಕಿವಿಯಾಗಿದ್ದೆ.

ಸ್ವಲ್ಪ ದೂರ ಬಂದ ಮೇಲೆ ಭಾವ ಕೇಳಿದರು: "ಗೇಟು ಇನ್ನೂ ಎಷ್ಟು ದೂರ ಇದೆಯೋ?"

"ದಾಟಿ ಆಯ್ತು ಭಾವ."

ಅಕ್ಕ ಸ್ಟಿಯರಿಂಗ್ ಮೇಲೆ ಬಿಗಿದಿದ್ದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು.